ಆ ಕಡೆಯವರು

ಮಹಡಿಯ ಮೇಲಿದ್ದ ನಮ್ಮ ಮನೆಗೆ ಷೆಲ್ ಬಿದ್ದ ಮೇಲೆ ನಾವೆಲ್ಲ ಕೆಳಗಿನ ಹೊಲಿಗೆ ಅಂಗಡಿಗೆ ಇಳಿದೆವು. ಬೀದಿಗೆ ಮುಖವಾಗಿ ಅಂಗಡಿ, ಅದರ ಹಿಂದೆ ಒಂದು ಕೋಣೆ, ಕೋಣೆಯ ಮೇಲೆ ಬಟ್ಟೆಯ ಥಾನುಗಳನ್ನು ಇಡುತ್ತಿದ್ದ ಅಟ್ಟ. ಕೋಣೆಯಲ್ಲಿ ಎರಡು ಕಡೆಗಳಿದ್ದವು. ಕಿಟಕಿಯ ಕಡೆ ನನ್ನ ದೊಡ್ಡ ಸೊಸೆ ಮತ್ತು ಅವಳ ಪುಟ್ಟ ಮಗಳು. ಒಳಗೋಡೆಯ ಕಡೆ ಚಿಕ್ಕ ಸೊಸೆ ಮತ್ತು ಅವಳ ಹಸುಗೂಸು. ನಡುವೆ, ಸೈನ್ಯಕ್ಕೆಂದು ಹೊಲಿದ ಮರಳು ಚೀಲಗಳ ಕಟ್ಟುಗಳನ್ನು ದೊಡ್ಡವಳು ಎದೆಮಟ್ಟಕ್ಕೆ ಪೇರಿಸಿದ್ದಳು. ಸೈನ್ಯದವರು ಬಂದು ಹಿಟ್ಟು ಕೊಟ್ಟು ಚೀಲ ಒಯ್ದಾಗ ಆ ಗೋಡೆ ಕರಗುತ್ತಿತ್ತು. ಕೆಲವೇ ದಿನಗಳಲ್ಲಿ ಮತ್ತೆ ಎದ್ದು ನಿಲ್ಲುತ್ತಿತ್ತು. ಅದರ ತುದಿಯಲ್ಲಿ, ಒಲೆಯ ಪಕ್ಕ, ನನ್ನ ಚಾಪೆ. ಅಲ್ಲಿಂದ ನನಗೆ ಎರಡೂ ಕಡೆ ಕಾಣುತ್ತಿತ್ತು. ಎರಡೂ ಕಡೆಯ ಬೈಗುಳ ನನ್ನನ್ನು ದಾಟಿಯೇ ಹೋಗಬೇಕಿತ್ತು.

"ಅತ್ತೆ, ಆ ಕಡೆಯವರಿಗೆ ಹೇಳಿ, ನೀರಿನ ಪಾತ್ರೆ ಮುಚ್ಚಿಡೋಕೆ ಕೈ ನೋಯುತ್ತಾ ಅಂತ."

"ಅತ್ತೆ, ಆ ಕಡೆಯವರಿಗೆ ಹೇಳಿ, ಮುಚ್ಚಳ ಅವರ ಮಗಳ ಹತ್ರ ಇದೆ, ಅದನ್ನ ಸ್ಟೀರಿಂಗ್ ಮಾಡ್ಕೊಂಡು ಬಸ್ಸು ಓಡಿಸ್ತಿದ್ದಾಳೆ ಅಂತ."

ಇಬ್ಬರಿಗೂ ಮಾತು ಸ್ಪಷ್ಟವಾಗಿ ಕೇಳಿಸಿರುತ್ತಿತ್ತು. ಆದರೂ ನಾನು ಬಾಯಿಬಿಟ್ಟು ಹೇಳುವ ತನಕ ಅದು ತಲುಪಿದ ಲೆಕ್ಕವಲ್ಲ. ಉತ್ತರ ಕೊಡಬೇಕಾದವಳು ನನ್ನ ಮುಖ ನೋಡುತ್ತಾ ಕಾಯುತ್ತಿದ್ದಳು.

ಜಗಳದ ಮೂಲ ದೊಡ್ಡದೇ. ಸೈನ್ಯದವರು ಬೀದಿ ಬೀದಿ ತಿರುಗಿ ಗಂಡಸರನ್ನು ಹಿಡಿದ ದಿನ ನನ್ನ ಇಬ್ಬರು ಮಕ್ಕಳೂ ಅಂಗಡಿಯಲ್ಲೇ ಇದ್ದರು. ಅವರು ಒಳಗೆ ಬಂದಾಗ ಸಿಕ್ಕಿದ್ದು ಹಿರಿಯವನು ಮಾತ್ರ. ಕಿರಿಯವನು ಬಟ್ಟೆಯ ಪೆಟ್ಟಿಗೆಯೊಳಗೆ ಮುದುರಿಕೊಂಡಿದ್ದ. ಆಮೇಲೆ ಅವನು ಅಟ್ಟ ಸೇರಿದ. ಹಿರಿಯವನಿಂದ ಸುದ್ದಿಯಿಲ್ಲ. ಆಗ ಬಸುರಿಯಾಗಿದ್ದ ಚಿಕ್ಕವಳು ಈಗ ಹೆತ್ತಿದ್ದಾಳೆ. ಅಂದಿನಿಂದ ದೊಡ್ಡವಳು ಅವಳ ಜೊತೆ ಮಾತಾಡಿಲ್ಲ, ಆ ಮಗುವಿನ ಮುಖವನ್ನೂ ನೋಡಿಲ್ಲ.

ಆ ಮಗುವೇ ಈಗ ಸಾಯುವ ಹಾಗಿತ್ತು.

ಹೆದರಿಕೆಗೋ ಅರೆಹೊಟ್ಟೆಗೋ ಚಿಕ್ಕವಳ ಎದೆ ಬತ್ತಿತ್ತು. ಕಿರಿಯವನು ರಾತ್ರಿ ಕದ್ದು ಹೊರಗೆ ಹೋಗಿ ಯಾರ ಕೈಕಾಲು ಹಿಡಿದನೋ, ಪರಿಹಾರದ ಲಾರಿಯಿಂದ ಹಾಲಿನ ಪುಡಿಯ ಡಬ್ಬಿಯೊಂದು ಮನೆಗೆ ಬಂದಿತ್ತು. ಡಬ್ಬಿಯ ಮೇಲೆ ಗುಂಡುಗುಂಡಾದ ಮಗುವಿನ ಚಿತ್ರ. ಚಿಕ್ಕವಳು ಅದನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಪುಡಿಯೇನೋ ಒಳ್ಳೆಯದೇ. ನೀರು ಒಳ್ಳೆಯದಿರಲಿಲ್ಲ. ಮುಖ್ಯ ರಸ್ತೆಯಲ್ಲಿ ನೀರಿನ ಪೈಪೂ ಚರಂಡಿಯ ಪೈಪೂ ಒಂದೇ ಏಟಿಗೆ ಒಡೆದಿದ್ದವು; ನಲ್ಲಿಯಲ್ಲಿ ಬರುತ್ತಿದ್ದುದು ಎರಡರ ಬೆರಕೆ. ಒಳ್ಳೆಯ ನೀರು ಬೇಕೆಂದರೆ ಸೈನ್ಯದ ಶಿಬಿರದ ಬಾಗಿಲಲ್ಲಿ ನಿಲ್ಲುವ ಟ್ಯಾಂಕರಿಗೆ ಹೋಗಬೇಕು. ಮುದುಕನಲ್ಲದ ಗಂಡಸು ಅತ್ತ ಸುಳಿಯುವ ಹಾಗಿಲ್ಲ. ಚಿಕ್ಕವಳಿಗೆ ಹೆರಿಗೆಯ ಹೊಲಿಗೆ ಮಾಗಿರಲಿಲ್ಲ. ನನ್ನ ಮೊಣಕಾಲು ಬಾಗಿಲು ದಾಟುವಷ್ಟರಲ್ಲಿ ಕೈ ಎತ್ತುತ್ತದೆ. ಬೈದುಕೊಂಡಾದರೂ ಎಲ್ಲರ ಪಾಲಿನ ನೀರನ್ನೂ ಹೊತ್ತು ತರುತ್ತಿದ್ದವಳು ದೊಡ್ಡವಳೇ. ಆ ನೀರು ಕುಡಿಯಲು ಸಾಕಾಗುತ್ತಿತ್ತು. ಬಾಟಲಿ ತೊಳೆಯುವುದಕ್ಕೆ ಚಿಕ್ಕವಳು ನಲ್ಲಿಯನ್ನೇ ತಿರುಗಿಸುತ್ತಿದ್ದಳು. ಅಂಗಡಿಯ ಕಪಾಟಿನ ಹಲಗೆಗಳನ್ನು ಒಡೆದು ಒಲೆಗೆ ಹಾಕುತ್ತಿದ್ದ ನಮಗೆ ಬಾಟಲಿ ಕುದಿಸುವಷ್ಟು ಸೌದೆ ಎಲ್ಲಿಯದು?

ಮಗುವಿಗೆ ಭೇದಿ ಹತ್ತಿತು. ಆಸ್ಪತ್ರೆಯಿಂದ ಮನೆ ಮನೆ ಸುತ್ತುತ್ತಿದ್ದ ನರ್ಸಮ್ಮನನ್ನು ಕರೆಸಿದೆವು; ಅವಳು ಬಂದಾಗ ಅದು ಅಳುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ.

ಅವಳು ನೆತ್ತಿ ಮುಟ್ಟಿ ನೋಡಿದಳು. ಮೆತ್ತಗಿನ ಜಾಗ ಗುಳಿ ಬಿದ್ದಿತ್ತು. "ಬಾಟಲಿ ಬಿಸಾಕಿ," ಅಂದಳು. "ಈ ಪುಡಿ ಕಾಯಿಸಿ ಆರಿಸಿದ ನೀರಲ್ಲಿ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಆದ್ರೆ ಇದರಿಂದ ಹೊಟ್ಟೆ ತುಂಬಲ್ಲ. ಎದೆಹಾಲು ಬೇಕು."

"ಇದ್ದಿದ್ರೆ ಕೊಡ್ತಿರ್ಲಿಲ್ವಾ?" ಚಿಕ್ಕವಳ ದನಿ ಒಡೆದಿತ್ತು. "ಆಸ್ಪತ್ರೆಗೆ ಕರ್ಕೊಂಡು ಬರ್ಲಾ?"

"ಮಕ್ಕಳ ವಾರ್ಡಲ್ಲಿ ಈಗ ಕಾಲಿಲ್ಲದ ಸೈನಿಕರು ಮಲಗಿದ್ದಾರಮ್ಮ. ಡ್ರಿಪ್ ಅವರಿಗೇ ಸಾಲ್ತಿಲ್ಲ. ಪದೇ ಪದೇ ಮೊಲೆಗೆ ಹಾಕ್ತಿದ್ರೆ ನಿನ್ನ ಹಾಲು ತಿರುಗಿ ಬಂದ್ರೂ ಬರಬಹುದು, ನಿಧಾನವಾಗಿ. ಅಷ್ಟು ದಿನ ಈ ಮಗು ತಡೆಯಲ್ಲ." ಅಷ್ಟರಲ್ಲಿ ಅವಳ ಕಣ್ಣು ಚೀಲದ ಗೋಡೆಯಾಚೆ ಹೋಯಿತು. ದೊಡ್ಡವಳ ಮಗಳು ತಾಯಿಯ ತೊಡೆಯ ಮೇಲೆ ಮಲಗಿ ಹಾಲು ಕುಡಿಯುತ್ತಿತ್ತು. ನರ್ಸಮ್ಮ ನನ್ನ ಕಡೆ ತಿರುಗಿದಳು. "ಮನೇಲೇ ಹಾಲಿದೆಯಲ್ಲ! ಮತ್ಯಾಕೆ ನನ್ನನ್ನ ಕರೆಸಿದ್ರಿ?"

ಅವಳಿಗೆ ಇನ್ನೂ ಮನೆಗಳಿದ್ದವು. ಚೀಲ ಹೆಗಲಿಗೇರಿಸಿ, "ಇವತ್ತೇ," ಎಂದು ನನ್ನ ಕಿವಿಯಲ್ಲಿ ಹೇಳಿ ಹೋದಳು.

ದೊಡ್ಡವಳು ಮಗಳನ್ನು ಇಳಿಸಿ ರವಿಕೆ ಸರಿಪಡಿಸಿಕೊಂಡಳು. "ಅತ್ತೆ, ನೀವು ಕೇಳೋದಕ್ಕೆ ಮುಂಚೆನೇ ಹೇಳ್ತೀನಿ. ನನ್ನ ಮಗಳಿಗೆ ಇದೇ ಊಟ. ಆ ಹಿಟ್ಟಿನ ಗಂಜಿ ಅದರ ಹೊಟ್ಟೇಲಿ ನಿಲ್ಲಲ್ಲ."

"ಇಬ್ಬರಿಗೆ ಸಾಲುತ್ತೆ ಕಣೇ. ಕುಡಿದಷ್ಟೂ ಊರುತ್ತೆ. ಅವಳಿಜವಳಿ ಹೆತ್ತೋರು ಸಾಕಲ್ವಾ?"

ಅವಳು ಹೊಲಿಗೆ ಯಂತ್ರದ ಕಡೆ ನೋಡಿಕೊಂಡು ಹೇಳಿದಳು: "ಸರಿ. ಆ ಕಡೆಯವರಿಗೆ ಹೇಳಿ. ಹಾಲು ಕೊಡ್ತೀನಿ. ಅಟ್ಟದ ಮೇಲಿರೋದು ಕೆಳಗಿಳಿದು ಶಿಬಿರಕ್ಕೆ ಹೋಗ್ಲಿ. ಬದಲಿ ಆಳು ಕೊಟ್ರೆ ಮೊದಲಿನವನನ್ನ ಮನೆಗೆ ಬಿಡ್ತಾರಂತೆ. ಬ್ರೆಡ್ಡಿನ ಸಾಲಲ್ಲಿ ಎಲ್ಲರೂ ಹೇಳ್ತಿದ್ದಾರೆ."

ಅಟ್ಟದ ಹಲಗೆ ಕಿರುಗುಟ್ಟಿತು. ಗೋಡೆಯಾಚೆ ಚಿಕ್ಕವಳು ಉಸಿರು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೊಡುವವನೂ ನನ್ನ ಮಗ, ಬರಬೇಕಾದವನೂ ನನ್ನ ಮಗ, ನಡುವೆ ಬಾಯಾರಿ ಬಿದ್ದಿದ್ದು ನನ್ನ ಮೊಮ್ಮಗು. ಆ ಮಾತನ್ನು ನನ್ನ ನಾಲಿಗೆಯ ಮೇಲೆ ಹೊತ್ತು ಆಚೆ ಇಳಿಸಬೇಕಂತೆ!

"ಹೇಳಲ್ಲ," ಅಂದೆ.

"ಅಂದ್ರೆ?"

"ಇವತ್ತಿನಿಂದ ಈ ಕೆಲಸ ಬಿಟ್ಟೆ. ಯಾರ ಮಾತನ್ನೂ ದಾಟಿಸಲ್ಲ. ಕಾಲಿದೆ, ಬಾಯಿದೆ. ಹೋಗಿ ಅವಳ ಮುಖ ನೋಡ್ಕೊಂಡು ನೀನೇ ಹೇಳು."

"ಹೇಳಕ್ಕೆ ಭಯಾನಾ ನನಗೆ?"

"ಹೇಳು ಮತ್ತೆ."

ಅವಳು ಎದ್ದಳು. ಸಿಟ್ಟಿನಲ್ಲಿ ಮೇಲಿನ ಕಟ್ಟೊಂದಕ್ಕೆ ಮೊಣಕೈ ತಗುಲಿ ಅದು ಉರುಳಿತು. ಸುತ್ತು ಹಾಕಿ ಆ ಕಡೆಗೆ ಹೋಗಿ ನಿಂತಳು. ಬಾಯಿ ತೆರೆದಳು.

ಅಷ್ಟರಲ್ಲಿ ಅವಳಿಗೆ ಮಗು ಕಾಣಿಸಿತು. ತುಟಿ ಒಣಗಿ ಸುಲಿದಿತ್ತು. ಕಣ್ಣು ಅರ್ಧ ಮುಚ್ಚಿ ಒಳಗೆ ಸೇರಿತ್ತು. ಅಳು ಅನ್ನುವುದು ನಿಂತು ಕುಯ್ ಅನ್ನುವ ಸಣ್ಣ ಸದ್ದಷ್ಟೇ ಉಳಿದಿತ್ತು. ಆ ಸದ್ದಿಗೆ ದೊಡ್ಡವಳ ರವಿಕೆಯ ಮುಂಭಾಗ ಒದ್ದೆಯಾಗುತ್ತಾ ಬಂದುದನ್ನು ನಾನು ಕಂಡೆ. ಅವಳೂ ಕಂಡಳು. ತನ್ನ ಮೈ ತನಗೇ ಮೋಸ ಮಾಡಿತೆಂಬಂತೆ ಹಲ್ಲು ಕಚ್ಚಿದಳು.

"ಕೊಡು ಇಲ್ಲಿ."

ಚಿಕ್ಕವಳು ಮಗುವನ್ನು ಎದೆಗವಚಿಕೊಂಡಳು. "ಬೆಲೆ ಕೇಳಿದ್ರಲ್ಲ. ಕಟ್ಟೋಕೆ ಮುಂಚೆನೇ ಕೊಡ್ಲಾ?"

"ಬೆಲೆ ಬಿಟ್ಟಿಲ್ಲ ನಾನು. ಮಗು ಸತ್ತ ಮೇಲೆ ಯಾರ ಹತ್ರ ಕೇಳ್ಲಿ? ಕೊಡು ಅಂದ್ನಲ್ಲ!"

ಹೆಚ್ಚುಕಡಿಮೆ ಕಿತ್ತುಕೊಂಡಳು. ಅಲ್ಲೇ ಚೀಲದ ಕಟ್ಟಿನ ಮೇಲೆ ಕುಳಿತಳು. ಮಗುವಿಗೆ ಚೀಪುವ ಶಕ್ತಿಯಿರಲಿಲ್ಲ. ಅವಳು ಹಿಂಡಿ ಹನಿ ಹನಿಯಾಗಿ ತುಟಿಯ ಮೇಲೆ ಬಿಟ್ಟಳು. ನಾಲಿಗೆ ಹೊರಬಂತು. ಮತ್ತೊಂದು ಹನಿ. ಕೊನೆಗೆ ಬಾಯಿ ಹಿಡಿಯಿತು. ಕೈ ಮಗುವಿನ ತಲೆಯ ಕೆಳಗೆ ಮೆತ್ತಗಿತ್ತು; ಬಾಯಿ ಮಾತ್ರ ಒಂದು ಕ್ಷಣವೂ ಮೆತ್ತಗಾಗಲಿಲ್ಲ.

"ಹಾಲು ಕೊಟ್ಟೆ ಅಂತ ಎಲ್ಲಾ ಮರೆತೆ ಅಂದ್ಕೋಬೇಡ. ನಿನ್ನ ಗಂಡ ಪೆಟ್ಟಿಗೇಲಿ ಅವಿತ್ಕೊಂಡ. ನನ್ನ ಗಂಡ ಹೋದ."

"ಅವಿತ್ಕೊಂಡಿಲ್ಲ! ಭಾವನೇ ಒಳಗೆ ತಳ್ಳಿ, ಮುಚ್ಚಳ ಹಾಕಿ, ಅದರ ಮೇಲೆ ಕೂತ್ರು. ನಾನು ಕಣ್ಣಾರೆ ನೋಡಿದ್ದೀನಿ."

"ಗೊತ್ತು!" ದೊಡ್ಡವಳು ಕೂಗಿದಳು. ಮಗು ಬೆದರಿತು; ಅವಳು ದನಿ ಇಳಿಸಿದಳು, ವಿಷ ಇಳಿಸಲಿಲ್ಲ. "ಗೊತ್ತು ಕಣೇ ನನಗೆ. ತಮ್ಮ ಕಂಡ ಅವನ ಕಣ್ಣಿಗೆ, ತಮ್ಮನ ಬಸುರಿ ಹೆಂಡ್ತಿ ಕಂಡ್ಳು. ನಾನು ಕಾಣ್ಲಿಲ್ಲ. ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಅವನ ಹತ್ರ ಆಡೋ ಜಗಳ ಎದೆ ತುಂಬ ಇದೆ. ಅವನು ಬರೋವರೆಗೆ ನಿಮ್ಮ ಹತ್ರ ಆಡ್ತೀನಿ."

ಕಿರಿಯವನು ಏಣಿ ಇಳಿದು ಬಂದ. ಬಿಸಿಲು ಕಾಣದೆ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. "ಅತ್ತಿಗೆ, ನಾನು ಹೋಗ್ತೀನಿ. ಅಣ್ಣ ಬರ್ಲಿ."

"ಹೋಗ್ತಾನಂತೆ ಶೂರ!"

ಅತ್ತರೆ ದೊಡ್ಡವಳು ಬಗ್ಗುವವಳಲ್ಲ ಎಂದು ಗೊತ್ತಿತ್ತು. "ಬದಲಿ ಅನ್ನೋದು ಬ್ರೆಡ್ಡಿನ ಸಾಲಲ್ಲಿ ಹುಟ್ಟಿದ ಮಾತು," ಅಂದೆ. "ಈ ಬೀದೀಲಿ ಯಾರ ಮನೆಗೆ ಯಾರು ವಾಪಸು ಬಂದಿದ್ದಾರೆ, ಹೇಳು. ಇವನೂ ಹೋದ್ರೆ ಅವರು ಇಬ್ಬರನ್ನೂ ಇಟ್ಕೋತಾರೆ."

ದೊಡ್ಡವಳು ಬೀದಿಯ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿ ಬಂದಿರಬೇಕು. ಮಗುವನ್ನು ಇನ್ನೊಂದು ಬದಿಗೆ ಹಾಕಿಕೊಂಡು, "ಹಾಗಾದ್ರೆ ನೀರು ತರ್ಲಿ," ಅಂದಳು. "ಎರಡು ಮಕ್ಕಳಿಗೆ ಹಾಲು ಕೊಟ್ಕೊಂಡು ಕ್ಯಾನು ಹೊರೋಕೆ ನಾನೇನು ಲಾರಿಯಾ? ನಾನು ಕುಡಿದ್ರೆ ತಾನೆ ಹಾಲು. ಇವನೇ ತರ್ಲಿ. ಶಿಬಿರದ ಬಾಗಿಲಲ್ಲಿ ನಿಂತ್ಕೊಂಡು ಎದೆ ಡವಡವ ಅಂದ್ರೆ ಹೇಗಿರುತ್ತೆ ಅಂತ ಇವನಿಗೂ ಗೊತ್ತಾಗ್ಲಿ."

ಅದು ಅವಳು ಇಳಿಸಿದ ಬೆಲೆ. ನಾವು ಒಪ್ಪಿಕೊಂಡೆವು.

ಅವನು ನನ್ನ ಸೀರೆ ಉಟ್ಟು, ನನ್ನ ಶಾಲು ತಲೆಗೆ ಹೊದ್ದು, ಸೊಂಟ ಬಗ್ಗಿಸಿ ಕೋಣೆಯಲ್ಲಿ ನಡೆದು ತೋರಿಸಿದ. "ಪರವಾಗಿಲ್ಲ, ಅತ್ತೆಗಿಂತ ಚೆನ್ನಾಗಿ ಕುಂಟ್ತಾನೆ," ಎಂದಳು ದೊಡ್ಡವಳು. ಚಿಕ್ಕವಳಿಗೆ ನಗು ಬಂದಿತ್ತು. ನಕ್ಕರೆ ಸೋತ ಹಾಗೆ ಎಂದು ಮುಖ ತಿರುಗಿಸಿದಳು.

ಹೀಗೆ ಕೆಲವು ದಿನ ನಡೆಯಿತು. ಬೆಳಿಗ್ಗೆ ಹೋಗುವನು, ಬಿಸಿಲೇರುವಷ್ಟರಲ್ಲಿ ಬರುವನು. ಮಗುವಿನ ಭೇದಿ ನಿಂತಿತು. ಅತ್ತರೆ ಕಣ್ಣಲ್ಲಿ ನೀರು ಬರತೊಡಗಿತು. ಆ ಮನೆಯಲ್ಲಿ ಕಣ್ಣೀರು ಕಂಡು ಹಿಗ್ಗಿದ್ದು ಅದೊಂದೇ ಸಲ. ದೊಡ್ಡವಳು ಹಾಲು ಕೊಡುವಾಗ ಚಿಕ್ಕವಳು ಅವಳ ಯಂತ್ರದ ಮುಂದೆ ಕುಳಿತು ಚೀಲ ಹೊಲಿಯುತ್ತಿದ್ದಳು. "ಇದೇನು ಹೊಲಿಗೆನಾ, ಹಾವು ಹರಿದಾಡಿದ ದಾರೀನಾ?" "ಕುಡಿಸೋ ಕೆಲಸ ನೋಡಿ ನೀವು." ನನ್ನ ನಾಲಿಗೆಗೆ ರಜೆ ಸಿಕ್ಕಿತ್ತು.

ಒಂದು ದಿನ ಅವನು ಬರಲಿಲ್ಲ. ಬಂದವನು ಎದುರು ಮನೆಯ ಗಡಿಯಾರ ರಿಪೇರಿಯ ಮುದುಕ. ಬಾಗಿಲಲ್ಲೇ ನಿಂತು ನನಗೆ ಹೇಳಿದ: "ಸಾಲಲ್ಲಿ ನನ್ನ ಮುಂದೆನೇ ಇದ್ದ. ಎಲ್ಲಾ ಸರಿಯಾಗೇ ಮಾಡಿದ. ಕೆಮ್ಮಿದ, ಕುಂಟಿದ. ಟ್ಯಾಂಕರ್ ಖಾಲಿಯಾಗ್ತಿದೆ ಅಂತ ಹಿಂದಿನೋರು ನೂಕಿದ್ರು ನೋಡಿ, ಆ ಗಡಿಬಿಡೀಲಿ ಎರಡು ತುಂಬಿದ ಕ್ಯಾನನ್ನ ಒಂದೇ ಸಲಕ್ಕೆ ಎತ್ತಿಬಿಟ್ಟ. ಪಹರೆಯವನು ನೋಡಿ ನಗಾಡಿದ. 'ಅಜ್ಜಿ, ನಿನ್ನಂಥೋರೇ ಬೇಕಿತ್ತು' ಅಂತ ಶಾಲು ಎಳೆದ."

ಯಂತ್ರದ ಸದ್ದು ನಿಂತಿತು. ಚಿಕ್ಕವಳು ಎದ್ದು ಬಂದು ದೊಡ್ಡವಳ ಮುಂದೆ ನಿಂತಳು.

"ತೃಪ್ತಿಯಾಯ್ತಾ?"

"ಇಲ್ಲ," ಎಂದಳು ದೊಡ್ಡವಳು. ಅವಳ ತುಟಿ ಬಿಳಿಚಿತ್ತು. "ಆಗಿಲ್ಲ."

ಮಗು ಅಳಲು ಶುರುಮಾಡಿತು. ದೊಡ್ಡವಳು ಕೈ ಚಾಚಿದಳು. ಚಿಕ್ಕವಳು ಮಗುವನ್ನು ಎತ್ತಿಕೊಂಡು ಒಳಗೋಡೆಯ ಕಡೆ ಹೋಗಿ ಬೆನ್ನು ತಿರುಗಿಸಿ ಕುಳಿತಳು. ತನ್ನ ಮೊಲೆಯನ್ನೇ ಬಾಯಿಗಿಟ್ಟಳು. ಮಗು ಚೀಪಿತು, ಏನೂ ಸಿಗದೆ ತಲೆ ಕೊಡವಿ ಕಿರುಚಿತು. ಮತ್ತೆ ಇಟ್ಟಳು. ಮತ್ತೆ ಕಿರುಚಿತು. ದೊಡ್ಡವಳು ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡು ಕುಳಿತೇ ಇದ್ದಳು. ಒದ್ದೆಯಾದ ರವಿಕೆಯನ್ನು ಮುಚ್ಚಿಕೊಳ್ಳಲೂ ಇಲ್ಲ. ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎರಡನೆಯ ಮಗನನ್ನೂ ಕಳೆದುಕೊಂಡವಳ ಬಾಯಿಂದ ಆಗ ಏನು ಬರುತ್ತಿತ್ತೋ ನನಗೇ ನಂಬಿಕೆಯಿರಲಿಲ್ಲ. ನುಂಗಿಕೊಂಡೆ.

ಕಿರುಚಾಟ ಸೊರಗತೊಡಗಿದಾಗ ಚಿಕ್ಕವಳು ಎದ್ದಳು. ಬಂದು, ಮಗುವನ್ನು ದೊಡ್ಡವಳ ತೊಡೆಯ ಮೇಲೆ ಇಟ್ಟಳು. ಇಡುವಾಗ ಅವಳ ಕಣ್ಣಲ್ಲಿದ್ದ ಹಗೆಯನ್ನು ನಾನು ಯಾರ ಕಣ್ಣಲ್ಲೂ ಕಂಡಿಲ್ಲ. ಅದನ್ನು ದೊಡ್ಡವಳು ನೇರವಾಗಿ ನೋಡಿದಳು, ತಲೆ ತಗ್ಗಿಸಲಿಲ್ಲ, ಮಗುವನ್ನು ಹಾಕಿಕೊಂಡಳು.

ಕ್ಯಾನುಗಳು ಅವನ ಜೊತೆಗೇ ಹೋಗಿದ್ದವು. ಚಿಕ್ಕವಳು ಬಟ್ಟೆ ನೆನೆಸುವ ಬಕೆಟನ್ನು ಕೈಗೆತ್ತಿಕೊಂಡಳು.

"ಎಲ್ಲಿಗೆ?" ಅಂದೆ.

"ನೀರಿಗೆ. ಅವಳು ಕುಡಿದ್ರೆ ತಾನೆ ನನ್ನ ಮಗು ಕುಡಿಯೋದು."

"ಅರ್ಧ ತುಂಬಿಸ್ಕೊಂಡು ಬಾ," ಎಂದಳು ದೊಡ್ಡವಳು, ಮಗುವಿನ ಮೇಲಿಂದ ಕಣ್ಣೆತ್ತದೆ. "ಹೊಲಿಗೆ ಬಿಚ್ಚಿ ಬಿದ್ರೆ ನಿನ್ನನ್ನೂ ನಾನೇ ನೋಡ್ಕೋಬೇಕು."

ಚಿಕ್ಕವಳು ಬಾಗಿಲನ್ನು ಎಷ್ಟು ಜೋರಾಗಿ ಬಡಿದಳೆಂದರೆ ಮಗು ಬೆಚ್ಚಿ ಬಾಯಿ ಬಿಟ್ಟಿತು. ದೊಡ್ಡವಳು ಬಾಗಿಲ ಕಡೆಗೊಂದು ಬೈಗುಳ ಎಸೆದು, ಮಗುವಿನ ಬಾಯನ್ನು ಮತ್ತೆ ಎದೆಗೆ ತಂದಳು.