ಚಿಲಕ ಬ್ಲೂಸಿನ ಮೂರನೇ ಸಾಲು

ಅಮೋಸ್ ಟಾಲಿವರ್ ತನ್ನ ಹಿತ್ತಾಳೆಯ ಟ್ರಾಂಬೋನ್ ಊದಿದರೆ ಮಿಸೌರಿ ನದಿ ಹರಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿತ್ತು. ನಂಬದವರು ಕ್ಯಾನ್ಸಸ್ ಸಿಟಿಯ ಹದಿನೆಂಟನೇ ಬೀದಿಗೆ ಬಂದು ಯಾರನ್ನಾದರೂ ಕೇಳಲಿ. ಅಮೋಸನನ್ನೇ ಕೇಳಿದರೆ ಎರಡು ನದಿ ಎನ್ನುತ್ತಾನೆ. ಹೋಸಿಯಾ ಬ್ರ್ಯಾಂಟ್ ಎಂಬ ಆನೆಗಾತ್ರದ ಹಾಡುಗಾರನ ಬೆನ್ನಹಿಂದೆ ಕೂತು ಅವನು ‘ಚಿಲಕ ಬ್ಲೂಸ್’ ಎಂಬ ಹಾಡಿಗೆ ಊದಿದ ಸಲಗಳನ್ನು ಎಣಿಸಹೊರಟರೆ ಆಕಾಶದ ನಕ್ಷತ್ರಗಳು ಸಾಲವು.

ಅಂಥ ಅಮೋಸನಿಗೆ ಎಪ್ಪತ್ತರ ಹೊಸ್ತಿಲಲ್ಲಿ ಒಂದು ಸತ್ಯ ಗೊತ್ತಾಯಿತು: ಆ ಹಾಡಿನ ಮೊದಲ ಸಾಲು ಬಿಟ್ಟರೆ ಬೇರೊಂದು ಮಾತೂ ಅವನಿಗೆ ಬರುತ್ತಿರಲಿಲ್ಲ.

ಈಸ್ಟರ್ ಕಳೆದ ವಾರ ಅವನ ಹೆಂಡತಿ ವರ್ಡೆಲ್‌ಗೆ ಲಕ್ವ ಹೊಡೆದು ಬಲಗೈ ಜೊತೆ ಮಾತೂ ಹೋಗಿತ್ತು. ಒಂದೇ ಬೈಗುಳದಲ್ಲಿ ಮೂರು ಬೀದಿ ಗುಡಿಸಿಹಾಕುತ್ತಿದ್ದ ನಾಲಗೆ ಅದು. ಈಗ ಮನೆಯಲ್ಲಿ ಎಂಥ ಮೌನವೆಂದರೆ, ಇಲಿಗಳೂ ನಾಚಿಕೊಂಡು ತುದಿಗಾಲಲ್ಲಿ ಓಡಾಡುತ್ತಿದ್ದವು.

ವರ್ಡೆಲಳ ತಂಗಿಯ ಮಗಳು ಲವೀನಿಯಾ ಆಸ್ಪತ್ರೆಯಲ್ಲಿ ನರ್ಸ್. ಅವಳು ಹೇಳಿದಳು, “ಮಾತು ಹೋದ್ರೂ ಕೆಲವರಿಗೆ ಹಾಡು ಉಳ್ಕೊಂಡಿರತ್ತೆ ದೊಡ್ಡಪ್ಪ. ದೊಡ್ಡಮ್ಮಂಗೆ ಪ್ರಾಣ ಅನ್ನೋಂಥ ಹಾಡು ಯಾವ್ದು?”

“ಚಿಲಕ ಬ್ಲೂಸ್! ಅದನ್ನ ಕೇಳೇ ಅವಳು ನನ್ನ ಕಟ್ಕೊಂಡಿದ್ದು.”

“ಹಾಗಾದ್ರೆ ಹಾಡು.”

ಅಮೋಸ ಕೆಮ್ಮಿದ. ಗಂಟಲು ಸರಿಮಾಡಿಕೊಂಡ. ಮತ್ತೆ ಕೆಮ್ಮಿದ.

“ಅಯ್ಯೋ, ಮಾತೇ ಗೊತ್ತಿಲ್ವಾ ನಿಂಗೆ?”

“ಹಿತ್ತಾಳೆ ಊದೋನು ಮಾತು ಕೇಳಲ್ಲ ಕಣೇ. ಸಾಲು ಮುಗಿದ ಮೇಲೆ ಉತ್ತರ ಊದೋ ತನ್ನ ಸರದಿ ಕಾಯ್ತಾನೆ.”

ರೆಕಾರ್ಡು ಹಾಕೋಣವೆಂದರೆ, ಮುದ್ರಿಸಿದ ಕಂಪನಿಯ ಪುಣ್ಯಾತ್ಮರು ಹಾಡುಗಾರನನ್ನು ಹೊರಗೆ ನಿಲ್ಲಿಸಿ ಬರೀ ವಾದ್ಯ ಹಿಡಿದಿದ್ದರು. ಭಾನುವಾರ ಚರ್ಚು ಬಿಟ್ಟ ಮೇಲೆ ಅಮೋಸ ವಾದ್ಯಗಾರರ ಸಂಘದ ಕಟ್ಟಡಕ್ಕೆ ಓಡಿದ. ಹಳೆಯ ತಂಡದಲ್ಲಿ ಉಳಿದಿದ್ದವನು ಪಿಯಾನೋದ ಕಾರ್ನೀಲಿಯಸ್ ಒಬ್ಬನೇ. ಮೊದಲ ಸಾಲನ್ನು ಎರಡು ಸಲ ಹಾಡಿದ ಮೇಲೆ ಬರುವ ಮೂರನೇ ಸಾಲು ಯಾವುದೆಂದು ಅವನನ್ನು ಕೇಳಿದ.

“ಮೂರನೇ ಸಾಲಾ? ಯಾವೂರಿಂದು?”

“ಊರಿಗೊಂದಿತ್ತೇನೋ?”

“ಮತ್ತೆ! ಒಂದೇ ಸಾಲನ್ನ ಹೋಸಿಯಾ ಎರಡು ಸಲ ಯಾಕೆ ಹಾಡ್ತಿದ್ದ ಅಂದ್ಕೊಂಡಿದ್ದೆ, ಪೆದ್ದ? ಅಷ್ಟರಲ್ಲಿ ಎದುರಿಗೆ ಕುಣಿಯೋರನ್ನ ನೋಡಿ ಮೂರನೇದು ಹೊಸೀತಿದ್ದ. ತುಲ್ಸಾದಲ್ಲಿ ಡ್ಯಾನ್ಸ್ ಹಾಲ್ ಮಾಲೀಕನ ಹೆಂಡ್ತಿ ಮೇಲೇ ಕಟ್ಟಿಬಿಟ್ಟ. ಕಿಟಕಿ ಹಾರಿ ಓಡಿದ್ವಲ್ಲೋ!”

“ಓಡಿದ್ದು ನೆನಪಿದೆ. ಯಾಕೆ ಅಂತ ಇವತ್ತೇ ಗೊತ್ತಾಗಿದ್ದು.”

ಕಾರ್ನೀಲಿಯಸ್ ಹೊಟ್ಟೆ ಹಿಡಿದು ನಕ್ಕ; ಗೆಳೆಯನ ಮುಖ ನೋಡಿ ನಗು ನುಂಗಿಕೊಂಡ. “ಆ ಸಾಲುಗಳು ಹೋಸಿಯಾನ ಜೊತೆಗೇ ಮಣ್ಣಾದ್ವು ಅಮೋಸ. ಇನ್ನು ಹುಡುಕ್ಬೇಡ.”

ಬರಿಗೈಯಲ್ಲಿ ಅಮೋಸ ಮನೆಗೆ ಬಂದ. ಅಡುಗೆಮನೆಯಲ್ಲಿ ಲವೀನಿಯಾ ಅಲಸಂದೆ ಬೇಯಿಸಿ ಇಳಿಸಿದ್ದಳು. ವರ್ಡೆಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಅವನು ಎದುರಿಗೆ ಸ್ಟೂಲು ಎಳೆದುಕೊಂಡು, ಟ್ರಾಂಬೋನ್ ಮಡಿಲಲ್ಲಿಟ್ಟುಕೊಂಡು, ಇದ್ದ ಒಂದೇ ಸಾಲನ್ನು ಹಾಡಿದ. ಆ ದನಿಗೆ ಕಾಗೆಗಳು ಊರು ಬಿಟ್ಟವು.

*ಚಿಲಕ ತೆಗಿಯೇ ನನ್ನವಳೇ, ಹೊರಗೆ ಚಳಿ ಕೊರೀತಿದೆ...*

ತನ್ನ ಉತ್ತರ ಊದಿದ. ಅದೇ ಸಾಲನ್ನು ಮತ್ತೆ ಹಾಡಿ, ಮತ್ತೆ ಊದಿದ. ಮುಂದೆ ದಾರಿಯಿಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ: ಕಾಯುವುದು. ಕಾಲಿನಿಂದ ತಾಳ ಹಾಕುತ್ತಾ ಕಣ್ಣು ಮುಚ್ಚಿಕೊಂಡ.

ಆ ಖಾಲಿ ಜಾಗಕ್ಕೆ ಎದುರಿನ ಕುರ್ಚಿಯಿಂದ ತುಕ್ಕು ಹಿಡಿದ ಕೀಲಿನಂಥ ಒಂದು ದನಿ ತಡವರಿಸುತ್ತಾ ಬಂತು, ಆದರೆ ತಾಳ ತಪ್ಪದೆ:

*ಬಾಗ್ಲು ತೆಗೆದೇ ಇದೆ ಬಡಾಯಿಗಾರ... ಅಲಸಂದೆ ಆರಿ ಹೋಗ್ತಿದೆ.*

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ಈಗ ಊದಬೇಕಾದದ್ದು ಅಮೋಸ. ಟ್ರಾಂಬೋನ್ ತುಟಿಗಿಟ್ಟ, ನಡುಗುವ ತುಟಿಯಿಂದ ಬರೀ ಗಾಳಿ ಬಂತು. ಜೀವಮಾನದಲ್ಲೇ ಮೊದಲ ಸಲ ಅವನ ಸರದಿ ತಪ್ಪಿತ್ತು.

ವರ್ಡೆಲ್ ಹುಬ್ಬು ಗಂಟಿಕ್ಕಿ, ಎಡಗೈಯಿಂದ ಕುರ್ಚಿಯ ಹಿಡಿಯನ್ನು ಕುಟ್ಟತೊಡಗಿದಳು. ಒಂದು, ಎರಡು, ಮೂರು, ನಾಲ್ಕು.

“ಬಂದೆ, ಬಂದೆ,” ಎಂದ ಅಮೋಸ, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಾ. “ಮೊದಲಿಂದ ಹಿಡಿಯೇ.”