ಗಸಗಸೆ ಪಾಯಸ ಕುಡಿಯದ ಮಗು

ಅರವತ್ತೆರಡನೇ ಇಸವಿಯಲ್ಲಿ ಮಲ್ಲಿಪಟ್ಟಣದ ಪಕ್ಕದ ನಮ್ಮೂರಿನ ಶಿಶುವಿಹಾರ ನಡೆಯುತ್ತಿದ್ದುದು ಚನ್ನಪ್ಪಗೌಡರು ಆಲೂಗಡ್ಡೆ ತುಂಬುವ ಕೊಠಡಿಯಲ್ಲಿ. ಟೀಚರು ಅನಸೂಯಮ್ಮ. ಹಾಲಿನ ಪುಡಿ ಕದಡಿ ಮಕ್ಕಳಿಗೆ ಕೊಡುವ ಆಯಾ ನಾನು. ಗೌಡರ ಮಕ್ಕಳೂ ಕೇರಿಯ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರಬೇಕು ಎಂದು ಸರ್ಕಾರದವರು ಹೇಳಿದ್ದರು. ಚಾಪೆ ಉದ್ದವಾಗಿತ್ತು, ಆ ತುದಿ ಈ ತುದಿ ಎಂದು ಹೇಗೋ ನಡೆದುಹೋಗುತ್ತಿತ್ತು.

ಕೇರಿಯವರ ತುದಿಯಲ್ಲಿ ಕೂರುತ್ತಿದ್ದವಳು ಚೆಲುವಿ. ಕೂಲಿ ಮಾಡುವ ದೇವಯ್ಯ, ಮುದ್ದಮ್ಮ ಇವರ ಮಗಳು, ನಾಲ್ಕು ತುಂಬಿತ್ತು. ಮಾತು ಚೆನ್ನಾಗಿಯೇ ಬರುತ್ತಿತ್ತು. ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಆದರೆ ಕಚ್ಚುತ್ತಿದ್ದಳು. ಯಾವಾಗ, ಯಾಕೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಚನ್ನಪ್ಪಗೌಡರ ಮೊಮ್ಮಗನ ಮುಂಗೈಯಲ್ಲಿ ಹಲ್ಲಿನ ಗುರುತು ಕೂತಿತು.

ಗೌಡರು ಬಂದು ಬಾಗಿಲಲ್ಲೇ ನಿಂತರು. "ಟೀಚರಮ್ಮಾ, ನಾನು ಕೊಠಡಿ ಕೊಟ್ಟಿದ್ದು ಮಕ್ಕಳು ಕಲೀಲಿ ಅಂತ. ನನ್ನ ಮೊಮ್ಮಗನ್ನ ಕಡಿಯಾಕಲ್ಲ. ಆ ಉಡುಗಿ ಬರಂಗಿದ್ರೆ ನಂಗೆ ಕೊಠಡಿ ಬಿಟ್ಟುಕೊಡಿ."

"ಒಂದು ವಾರ ತಡೀರಿ ಗೌಡ್ರೆ. ಹಾಸನದಿಂದ ಡಾಕ್ಟರಮ್ಮ ಬರ್ತಾರೆ, ಅವರು ನೋಡಿ ಹೇಳಲಿ" ಎಂದರು ಅನಸೂಯಮ್ಮ.

ಆ ಡಾಕ್ಟರಮ್ಮ ಬರುತ್ತಿದ್ದುದು ಜ್ವರಕ್ಕೂ ಅಲ್ಲ, ಸಿಡುಬಿಗೆ ದೇವಿ ಹಾಕುವುದಕ್ಕೂ ಅಲ್ಲ. ಮಕ್ಕಳು ಸ್ಕೂಲಿಗೆ ಸೇರುವ ಮೊದಲೇ ಯಾವ ಮಗು ಹೊಡೆಯುತ್ತದೆ, ಯಾವುದು ಯಾರೊಂದಿಗೂ ಸೇರುವುದಿಲ್ಲ ಎಂದು ಕೂತು ನೋಡುವುದು, ಚಿಕ್ಕಂದಿನಲ್ಲೇ ದಾರಿಗೆ ತರುವುದು ಅವರ ಕೆಲಸ. ನಾವು ಅಂಥದ್ದನ್ನು ಕೇಳಿಯೇ ಇರಲಿಲ್ಲ. ಸುದ್ದಿ ಬಾವಿಕಟ್ಟೆ ದಾಟುವ ಹೊತ್ತಿಗೆ, ಪುಂಡ ಮಕ್ಕಳನ್ನು ಆರಿಸಿ ಜೀಪಿನಲ್ಲಿ ಹಾಕಿಕೊಂಡು ಹೋಗುತ್ತಾರಂತೆ ಎಂದಾಗಿತ್ತು.

ಅವರು ಬರುವ ದಿನ ಬೆಳಿಗ್ಗೆ ಊರಿನ ತಾಯಂದಿರೆಲ್ಲ ಮಕ್ಕಳಿಗೆ ಎಣ್ಣೆ ನೀರು ಎರೆದರು. ಅದರ ಮೇಲೆ ಗಸಗಸೆ ಪಾಯಸ. ಅದನ್ನು ಕುಡಿದರೆ ದೊಡ್ಡವರಿಗೇ ಕಣ್ಣು ಎಳೆಯುತ್ತದೆ. ಯಾರು ಮೊದಲು ಶುರು ಮಾಡಿದರೋ, ಊರ ತುಂಬ ಗಸಗಸೆ ಹುರಿದ ವಾಸನೆ.

ಕೇರಿಯಲ್ಲಿ ಮುದ್ದಮ್ಮನ ಪಕ್ಕದ ಮನೆಯ ಮಲ್ಲಿಗಮ್ಮ ಒಂದು ಲೋಟ ತಂದು ಕೊಟ್ಟಳು. ಚೆಲುವಿಯನ್ನು ಕರೆದೊಯ್ಯಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ಕುಡ್ಸೇ. ತೆಪ್ಪಗೆ ಕುಂತಿರ್ತದೆ."

"ಬ್ಯಾಡ ಕಣಕ್ಕ. ತೆಪ್ಪಗೆ ಕುಂತ್ರೆ ಅವ್ರು ನೋಡಾದೇನ?"

"ಜೀಪಲ್ಲಿ ಆಕ್ಕೊಂಡು ಓದ್ರೆ?"

"ನಾನೂ ಜೀಪು ಅತ್ಕತೀನಿ" ಎಂದಳು ಮುದ್ದಮ್ಮ. "ತಾಯಿತ ಕಟ್ಟಿಸ್ದೆ, ಬರೆ ಆಕ್ಸು ಅಂದ್ರು, ಅದೊಂದ ಮಾಡ್ಲಿಲ್ಲ. ಇಂಗೇ ಬುಟ್ರೆ ಇವಳ್ನ ಯಾವ ಇಸ್ಕೂಲ್ನಾಗೂ ಕೂರ್ಸಾಕಿಲ್ಲ. ನನ್ನಂಗೆ ಕಳೆ ಕೀಳ್ತಾ ಓಗ್ಲಾ? ಕಚ್ಚಾದಾದ್ರೆ ಅವ್ರ ಮುಂದೇನೆ ಕಚ್ಲಿ."

ಡಾಕ್ಟರಮ್ಮ ಬಂದಾಗ ಚಾಪೆಯ ಮೇಲೆ ಮಕ್ಕಳು ಗೊಂಬೆಗಳಂತೆ ಕೂತಿದ್ದರು. ಅವರು ಚೆಂಡು ಉರುಳಿಸಿದರು. ಒಂದು ಮಗುವೂ ಏಳಲಿಲ್ಲ. ಗೌಡರ ಮೊಮ್ಮಗ ಗೋಡೆಗೆ ಒರಗಿ, ಹಾಗೇ ಜಾರಿ, ಗೊರಕೆ ಹೊಡೆಯಲು ಶುರುಮಾಡಿದ.

"ಏನ್ರೀ ಟೀಚರ್, ಇವತ್ತೇನು ಹಬ್ಬವೇ?"

ಅನಸೂಯಮ್ಮ ನನ್ನ ಮುಖ ನೋಡಿದರು. ಪಾಯಸದ ವಿಷಯ ನಾನೇ ಹೇಳಬೇಕಾಯಿತು. ಡಾಕ್ಟರಮ್ಮ ಮೊದಲು ಸಿಟ್ಟಾದರು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಇನ್ನೊಂದು ಸಲ ಹೇಳದೆ ಬರ್ತೀನಿ" ಎಂದು ಏಳುವಷ್ಟರಲ್ಲಿ, ಚಾಪೆಯ ತುದಿಯಲ್ಲಿ ಬೀಜ ಜೋಡಿಸುತ್ತಿದ್ದ ಚೆಲುವಿಯನ್ನು ಕಂಡರು.

"ಆ ಮಗು ಕುಡಿದಿಲ್ಲವೇ?"

"ಇಲ್ಲ ಕಣವ್ವ" ಎಂದಳು ಬಾಗಿಲ ಹೊರಗೆ ನಿಂತಿದ್ದ ಮುದ್ದಮ್ಮ. "ಕಚ್ತಾಳೆ. ನೀವೇ ನೋಡಿ."

ಡಾಕ್ಟರಮ್ಮ ಚಪ್ಪಲಿ ಬಿಟ್ಟು ದೂರದಲ್ಲಿ ನೆಲಕ್ಕೆ ಕೂತರು. ಬಹಳ ಹೊತ್ತು ಸುಮ್ಮನೆ ನೋಡಿದರು. ಹಾಲಿನ ಹೊತ್ತಾಯಿತೆಂದು ಅನಸೂಯಮ್ಮ ಹಿಂದಿನಿಂದ ಬಂದು ಚೆಲುವಿಯ ರಟ್ಟೆ ಹಿಡಿದು ಎಬ್ಬಿಸಿದರು. ಅವಳು ತಿರುಗಿದವಳೇ ಕಚ್ಚಿದಳು. ಮುದ್ದಮ್ಮ ಕಣ್ಣು ಮುಚ್ಚಿಕೊಂಡಳು.

ಡಾಕ್ಟರಮ್ಮ ಗದರಲಿಲ್ಲ. ಚೆಲುವಿ ಮತ್ತೆ ಬೀಜದ ಮುಂದೆ ಕೂರುವವರೆಗೆ ಕಾದು, ಎದುರಿಗೆ ಹೋಗಿ ಹೇಳಿದರು: "ಚೆಲುವಿ, ಇನ್ನು ಐದು ಬೀಜ ಇಡು. ಆಮೇಲೆ ಹಾಲು." ಅವಳು ತಲೆಯೆತ್ತಲಿಲ್ಲ. ಐದು ಇಟ್ಟಳು. ಎದ್ದು ಬಂದು ನನ್ನ ಮುಂದೆ ಲೋಟ ಹಿಡಿದಳು.

"ತಟ್ಟನೆ ಮುಟ್ಟಿದರೆ, ಮಾಡುತ್ತಿರುವುದನ್ನು ತಟ್ಟನೆ ಬಿಡಿಸಿದರೆ ಈ ಮಗು ಹೆದರುತ್ತದೆ" ಎಂದರು ಡಾಕ್ಟರಮ್ಮ. "ಮೊದಲು ಹೇಳಿ, ಆಮೇಲೆ ಮುಟ್ಟಿ. ಒಂದೇ ದಿನಕ್ಕೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಬರ್ತೀನಿ."

"ಅಂಗಾರೆ ಇಲ್ಲೇ ಇರ್ಬೌದಾ?" ಎಂದು ಕೇಳಿದಳು ಮುದ್ದಮ್ಮ.

ಅದಕ್ಕೆ ಯಾರೂ ಉತ್ತರ ಕೊಡುವ ಮೊದಲೇ ಚನ್ನಪ್ಪಗೌಡರು ಒಳಗೆ ಬಂದರು. ಮಲಗಿದ್ದ ಮೊಮ್ಮಗನನ್ನು ಎತ್ತಿಕೊಂಡು ನೇರ ಬೀಜದ ಸಾಲಿನ ಮೇಲೆಯೇ ನಡೆಯುವವರಿದ್ದರು.

"ಗೌಡ್ರೆ, ಒಸಿ ನಿಂತ್ಕಳಿ" ಎಂದಳು ಮುದ್ದಮ್ಮ. ಅವಳು ಗೌಡರಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೌಡರು ಎತ್ತಿದ ಕಾಲು ಹಾಗೇ ಇಳಿಸಿದರು. ಅವಳು ಮಗಳ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಚೆಲುವಿ, ಗೌಡ್ರು ಇಲ್ಲಿ ದಾಟ್ಬೇಕು. ಬೀಜ ಸರ್ಸ್ಕೋ ಮಗ."

ಚೆಲುವಿ ಒಂದೊಂದೇ ಬೀಜ ಸರಿಸಿದಳು. ಮಲಗಿದ ಮಗುವಿನ ಭಾರಕ್ಕೆ ತೋಳು ಬದಲಿಸುತ್ತ ಗೌಡರು ಕಾದರು.

"ಮುಗೀತಾ ತಾಯಿ?" ಎಂದರು ಕೊನೆಗೆ.

"ಇನ್ನೊಂದದೆ" ಎಂದಳು ಚೆಲುವಿ.

ಗೌಡರು ದಾಟಿ ಹೋದರು. ಕೊಠಡಿಯ ಮಾತು ಎತ್ತಲಿಲ್ಲ. ಮರುದಿನ ಮುದ್ದಮ್ಮ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಕಳೆ ಕೀಳಲು ಹೋದಳು.

ಆಷಾಢದಲ್ಲಿ ಚೆಲುವಿ ಗೌಡರ ಮೊಮ್ಮಗನನ್ನು ಇನ್ನೊಮ್ಮೆ ಕಚ್ಚಿದಳು. ಅವನು ಅಳುತ್ತ ಅಜ್ಜನ ಬಳಿಗೆ ಓಡಿದ. ಗೌಡರು ಕೈ ತಿರುಗಿಸಿ ನೋಡಿದರು; ಮುಷ್ಟಿಯಲ್ಲಿ ಅವಳ ಹುಣಸೆ ಬೀಜವಿತ್ತು.

"ಕಿತ್ಕೊಳಾಕೆ ಮುಂಚೆ ಅವಳ್ಗೆ ಏಳಿದ್ದೇನ್ಲಾ?"

"ಇಲ್ಲ."

"ಮತ್ತೆ? ಓಗು, ಏಳ್ಬುಟ್ಟು ಇಸ್ಕೊ."