ತೋಟವ್ವನ ಕೈಯಲ್ಲಿದ್ದ ಮುಚ್ಚಳ

ಹುಟ್ಟುವ ಮೊದಲು ನಾನು ಮರಳಾಗಿದ್ದೆ. ಯಾವ ನದಿಯದೋ, ಯಾವ ಕಡಲಿನದೋ ನೆನಪಿಲ್ಲ. ಬೆಂಕಿಯಲ್ಲಿ ಕರಗಿದ್ದು ನೆನಪಿದೆ. ಆಮೇಲೆ ಬಹಳ ಕಾಲ ತಣ್ಣಗಾಗುತ್ತ ಮಲಗಿದ್ದು ನೆನಪಿದೆ. ಕಡಲಾಚೆಯ ಒಂದು ಊರಿನ ಕಾರ್ಖಾನೆಯಲ್ಲಿ ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನನ್ನು ಉಜ್ಜಿ ಉಜ್ಜಿ ನುಣುಪು ಮಾಡಿದಳು. ಕೊನೆಗೆ ಕಿಟಕಿಯ ಕಡೆಗೆ ಎತ್ತಿ ಹಿಡಿದು, ನನ್ನ ಮೂಲಕ ಹೊರಗಿನ ಮರವನ್ನು ನೋಡಿ, ತನ್ನಷ್ಟಕ್ಕೆ ನಕ್ಕಳು. ನಾನು ಕಂಡ ಮೊದಲ ಮುಖ ಅದು. ಅದೂ ತಲೆಕೆಳಗಾಗಿ.

ನಾನೊಂದು ಕ್ಯಾಮೆರಾದ ಲೆನ್ಸ್. ನನ್ನೊಳಗೆ ಬಂದದ್ದೆಲ್ಲ ತಲೆಕೆಳಗಾಗಿಯೇ ಬೀಳುತ್ತದೆ. ಆಕಾಶ ಕೆಳಗೆ, ನೆಲ ಮೇಲೆ. ಹಕ್ಕಿಗಳು ನನ್ನ ಪಾಲಿಗೆ ಆಳದಲ್ಲಿ ಈಜುತ್ತವೆ. ಜನ ಮಾಡಿನಿಂದ ಜೋತುಬಿದ್ದು ಮಾತಾಡುತ್ತಾರೆ, ಅಳುತ್ತಾರೆ, ಊಟ ಮಾಡುತ್ತಾರೆ. ನನಗೆ ಅದು ವಿಚಿತ್ರವೆನಿಸಿದ್ದೇ ಇಲ್ಲ.

ಹಡಗು, ರೈಲು, ಜಟಕಾ ಎಲ್ಲ ದಾಟಿ ನಾನು ಬಂದು ಸೇರಿದ್ದು ಗದಗಿನ ಅಂಬಾಸಾ ಅವರ ಸ್ಟುಡಿಯೋಕ್ಕೆ. ಅಲ್ಲಿ ಮೂರು ಕಾಲಿನ ದೊಡ್ಡ ಕ್ಯಾಮೆರಾ ಒಂದಿತ್ತು. ಅದು ಕಪ್ಪು ಬಟ್ಟೆ ಹೊದ್ದು ಒಂದೇ ಕಡೆ ನಿಂತಿರುತ್ತಿತ್ತು. ಮದುವೆ, ತೊಟ್ಟಿಲು, ಸಾವು ಎಂದು ಊರೂರು ತಿರುಗುವ ಕೆಲಸ ಮಾತ್ರ ನನ್ನದು, ನಾನು ಕೂತಿದ್ದ ಸಣ್ಣ ಕ್ಯಾಮೆರಾದ್ದು.

ಆ ಸಣ್ಣ ಕ್ಯಾಮೆರಾದಲ್ಲಿ ಒಂದು ವಿಶೇಷವಿತ್ತು. ಚಿತ್ರ ತೆಗೆಯುವವರು ನನ್ನ ಮೂಲಕ ನೋಡುತ್ತಿರಲಿಲ್ಲ. ಅವರಿಗೆಂದು ಮೂಲೆಯಲ್ಲಿ ಬೇರೆಯೇ ಒಂದು ಪುಟ್ಟ ಕಿಟಕಿ ಇತ್ತು. ಹಾಗಾಗಿ ನನ್ನ ಮುಖಕ್ಕೆ ಮುಚ್ಚಳ ಹಾಕಿದ್ದರೂ ಕಿಟಕಿಯಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಬಾಸಾ ಅದಕ್ಕೊಂದು ಉಪಾಯ ಮಾಡಿದ್ದರು. ನನ್ನ ಕಪ್ಪು ಮುಚ್ಚಳಕ್ಕೆ ಉದ್ದನೆಯ ಕೆಂಪು ದಾರ ಅಂಟಿಸಿ, ಅದರ ಇನ್ನೊಂದು ತುದಿಯನ್ನು ತಮ್ಮ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಮುಚ್ಚಳ ತೆಗೆದರೆ ಅದು ಬೆರಳಿನಿಂದ ತೂಗುತ್ತಿತ್ತು. ತೂಗದಿದ್ದರೆ ನಾನಿನ್ನೂ ಕಣ್ಣು ಮುಚ್ಚಿದ್ದೇನೆ ಎಂದು ಅವರಿಗೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಲಕ್ಷ್ಮೇಶ್ವರದಿಂದ ಕರೆ ಬಂತು. ತೀರಿಕೊಂಡವರನ್ನು ಗೋಡೆಗೊರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂಮಾಲೆ ಹಾಕಿ ಒಂದು ಫೋಟೋ ತೆಗೆಸುವುದು ಆ ಕಡೆಯ ಎಷ್ಟೋ ಮನೆಗಳ ರೂಢಿ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಅಂದು ನಾನು ಕಂಡದ್ದು ಚಿಕ್ಕ ವಯಸ್ಸಿನ ಗಂಡಸನ್ನು. ಮುಖ ಶಾಂತವಾಗಿತ್ತು, ಕಣ್ಣು ಮುಚ್ಚಿದ್ದವು. ಅಂಬಾಸಾ ತಿರುಗಿದಾಗ ಬಾಗಿಲ ಸಂದಿಯಲ್ಲಿ ಒಬ್ಬಳು ಕಂಡಳು. ಸೆರಗಿನ ತುದಿ ಬಾಯಲ್ಲಿ, ಕಂಕುಳಲ್ಲಿ ಕೂಸು. ಆಕೆ ನನ್ನನ್ನೇ ನೋಡುತ್ತಿದ್ದಳು, ನಾನೇ ಏನನ್ನೋ ಕಸಿದುಕೊಂಡು ಹೋಗಲು ಬಂದಿರುವೆನೋ ಎಂಬಂತೆ. ಅಂಬಾಸಾ ಹೆಬ್ಬೆರಳಿನ ದಾರ ಎಳೆದು ನನ್ನನ್ನು ಮುಚ್ಚಿ, ಆಕೆಗೆ ತಲೆಬಾಗಿ ಹೊರಟರು.

ವರ್ಷಗಳು ಸರಿದವು. ಅಂಬಾಸಾ ಅವರ ಕೈ ನಡುಗತೊಡಗಿತು. ಆಗ ಒಬ್ಬ ತರುಣ ಸ್ಟುಡಿಯೋಕ್ಕೆ ಬಂದ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು, ಹೆಸರು ಫಕ್ಕೀರೇಶ. ಅವನು ತನ್ನ ಮನೆಯ ಗೋಡೆಯ ಮೇಲಿದ್ದ ಫೋಟೋವನ್ನು ತಂದು ಮೇಜಿನ ಮೇಲಿಟ್ಟ. ನನಗೆ ಕೂಡಲೇ ಗುರುತು ಸಿಕ್ಕಿತು. ಬಾಗಿಲ ಸಂದಿಯ ಕಂಕುಳ ಕೂಸು ಇವನೇ.

"ಅಪ್ಪಂದು ಮತ್ತೊಂದು ಫೋಟೋ ಇರಬಹುದೇನ್ರಿ? ಕಣ್ಣು ತೆರೆದದ್ದು?" ಎಂದು ಕೇಳಿದ.

"ನಾ ಬರೋದ್ರಾಗ ಅವರು ಹೋಗಿಬಿಟ್ಟಿದ್ರು ತಮ್ಮಾ. ತೆರೆದ ಕಣ್ಣು ಎಲ್ಲಿಂದ ತರ್ಲಿ?" ಅಂಬಾಸಾ ಫೋಟೋದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. "ಕೆಲವರು ಮುಚ್ಚಿದ ಕಣ್ಣ ಮ್ಯಾಲ ಬಣ್ಣದಾಗ ಕಣ್ಣು ಬರಸ್ತಾರ. ನಾ ನಿಮ್ಮವ್ವಗ ಕೇಳಿದ್ದೆ. ಅವರದಲ್ಲದ ಕಣ್ಣು ನಮ್ಮನಿಗೆ ಬ್ಯಾಡ ಅಂದ್ರು."

ಫಕ್ಕೀರೇಶ ಫೋಟೋ ಎತ್ತಿಕೊಂಡ. ಎದ್ದು ಹೊರಟವನನ್ನು ಅಂಬಾಸಾ ಮತ್ತೆ ಕರೆದರು. ನನ್ನನ್ನೂ ಸಣ್ಣ ಕ್ಯಾಮೆರಾವನ್ನೂ ಅವನ ಕೈಗಿಟ್ಟು, "ಇದು ನಿಮ್ಮಪ್ಪನ್ನ ನೋಡೇತಿ. ನನ್ನ ಕೈ ಇನ್ನ ನಿಲ್ಲಂಗಿಲ್ಲ. ನಿನ್ನ ಹತ್ರ ಇರಲಿ. ಒಂದು ಮಾತು, ಈ ದಾರ ಮಾತ್ರ ಬಿಚ್ಚಬ್ಯಾಡ" ಎಂದರು.

ಹೀಗೆ ನಾನು ಲಕ್ಷ್ಮೇಶ್ವರದ ಮನೆಗೆ ಮತ್ತೆ ಬಂದೆ. ಫಕ್ಕೀರೇಶನ ಹತ್ತಿರ ನಿಧಾನವಾಗಿ ನನಗೆ ಸಂಗಾತಿಗಳು ಕೂಡಿದರು. ಅಗಲ ಮುಖದ ಲೆನ್ಸ್ ಒಂದು ಬಂತು, ಅದು ಇಡೀ ಗುಡಿಯನ್ನು ಒಂದೇ ನೋಟಕ್ಕೆ ನುಂಗುತ್ತಿತ್ತು. ಉದ್ದ ಮೂತಿಯ ಲೆನ್ಸ್ ಒಂದು ಬಂತು, ಅದು ಕೆರೆಯ ಆಚೆ ದಡದ ಹಕ್ಕಿಯನ್ನು ಹತ್ತಿರಕ್ಕೆ ಎಳೆದು ತರುತ್ತಿತ್ತು. ಅವೆರಡಕ್ಕೂ ದೊಡ್ಡದೊಂದು ಹೊಸ ಕ್ಯಾಮೆರಾ. ಅದರಲ್ಲಿ ಲೆನ್ಸಿನ ಮೂಲಕವೇ ನೋಡುವುದು, ಮುಚ್ಚಳ ಹಾಕಿದರೆ ಎಲ್ಲ ಕತ್ತಲೆ. ಫಕ್ಕೀರೇಶನ ಹೆಂಡತಿ ದಾಕ್ಷಾಯಣಿ ಹಳೆಯ ಸೀರೆಯನ್ನು ಮಡಿಸಿ ಮಡಿಸಿ, ನಮಗೆಲ್ಲ ಒಂದೊಂದು ಗೂಡಿರುವ ಮೆತ್ತನೆಯ ಚೀಲ ಹೊಲಿದಳು. ಯಾರೂ ಹೇಳದೆಯೇ ನನ್ನ ಗೂಡಿಗೆ ಮಾತ್ರ ಎರಡು ಪದರ ಹೆಚ್ಚು ಹಾಕಿದಳು, ಹಳಬ ಎಂದು.

ಎಷ್ಟು ತಿರುಗಾಟ! ಲಕ್ಕುಂಡಿಯ ಬಾವಿಗಳ ಮೆಟ್ಟಿಲ ಮೇಲೆ ಬಿಸಿಲು ಇಳಿಯುವುದನ್ನು ಕಾದೆವು. ಚಳಿಗಾಲದಲ್ಲಿ ಮಾಗಡಿ ಕೆರೆಗೆ ದೂರದ ಹಿಮದ ನಾಡಿನಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತಿದ್ದವು. ನಸುಕಿನ ಮಂಜಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ತಲೆಕೆಳಗಿನ ನನ್ನ ಲೋಕವೂ ಫಕ್ಕೀರೇಶನ ಲೋಕವೂ ಒಂದೇ ಆಗಿಬಿಡುತ್ತಿದ್ದವು.

ಅಲ್ಲಿಯೇ ಒಮ್ಮೆ ಗಾಳಿಗೆ ನನ್ನ ಕೆಂಪು ದಾರ ಹಾರಿ, ಹಾರುವ ಹೆಬ್ಬಾತುಗಳ ಸಾಲಿಗೆ ಅಡ್ಡ ಬಂತು. ಚಿತ್ರದ ನಡುವೆ ದಪ್ಪ ಗೆರೆ. ಫಕ್ಕೀರೇಶ ಬೇಸರದಿಂದ ದಾರವನ್ನು ಕತ್ತರಿಸಿ ಹಾಕಿದ.

ಮನೆಯಲ್ಲಿ ಮಾತ್ರ ನನಗೊಂದು ಮುಖ ಸಿಗಲೇ ಇಲ್ಲ. ಅದು ಅವನ ತಾಯಿ ತೋಟವ್ವನ ಮುಖ. ಕ್ಯಾಮೆರಾ ಕಂಡರೆ ಸಾಕು, ಆಕೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು.

"ಫೋಟೋ ತಗಸ್ಕೊಂಡವರು ಗ್ವಾಡಿ ಏರ್ತಾರ. ನನಗಿನ್ನೂ ನೆಲದ ಮ್ಯಾಲ ಕೆಲಸ ಐತಿ" ಎನ್ನುತ್ತಿದ್ದಳು.

"ಬಾತುಕೋಳಿ ಆಗಿ ಹುಟ್ಟಬೇಕಿತ್ರಿ ಅತ್ತಿ ನಾವು, ದಿನಾ ಒಂದು ಫೋಟೋ ಬರ್ತಿತ್ತು" ಎಂದು ದಾಕ್ಷಾಯಣಿ ನಗುತ್ತಿದ್ದಳು.

ಫಕ್ಕೀರೇಶ ನಗುತ್ತಿರಲಿಲ್ಲ. ಆ ವರ್ಷ ತೋಟವ್ವನ ಎದೆ ದುರ್ಬಲವಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ್ದರು. ಅಂದಿನಿಂದ ಅವನು ಗೋಡೆಯ ಮೇಲಿನ ತಂದೆಯ ಮುಚ್ಚಿದ ಕಣ್ಣುಗಳನ್ನು ನೋಡುತ್ತ, ಅದರ ಪಕ್ಕದ ಖಾಲಿ ಜಾಗವನ್ನೂ ನೋಡುತ್ತ ನಿಂತುಬಿಡುತ್ತಿದ್ದ.

ಒಂದು ದಿನ ತೋಟವ್ವ ತಾನಾಗಿಯೇ, "ಆ ನಿನ್ನ ಹಕ್ಕಿ ಒಮ್ಮಿ ನೋಡ್ತೇನಿ, ಕರ್ಕೊಂಡು ಹೋಗೋ" ಎಂದಳು. ಮೂವರೂ ಮಾಗಡಿ ಕೆರೆಗೆ ಹೋದರು. ಅಂದು ಬೆಳಗಿನಿಂದ ಫಕ್ಕೀರೇಶ ಉದ್ದ ಮೂತಿಯ ಲೆನ್ಸಿನಲ್ಲೇ ಹಕ್ಕಿಗಳನ್ನು ಹಿಡಿಯುತ್ತಿದ್ದ. ನಾನು ಮುಚ್ಚಳ ಹಾಕಿಕೊಂಡು ಅವನ ಕೊರಳಲ್ಲಿ ತೂಗುತ್ತಿದ್ದೆ. ಮುಂದಿನದನ್ನು ನಾನು ಕೇಳಿದ್ದು ಮಾತ್ರ.

"ಯವ್ವಾ, ಇಲ್ಲಿ ಏರಿ ಮ್ಯಾಲ ಕುಂದ್ರು. ಒಂದ, ಒಂದ ಫೋಟೋ."

"ಆ ತೋಪು ಹಿಡಕೊಂಡಾ? ನಾ ಒಲ್ಲೆಪ್ಪಾ. ಗುಂಡು ಹಾರ್ತದೇನೋ ಅನಸ್ತೈತಿ."

"ಹಂಗಾರ ಈ ಸಣ್ಣದ್ರಾಗ?"

ಅವನು ನನ್ನನ್ನು ಎತ್ತಿ ಹಿಡಿದದ್ದು ತಿಳಿಯಿತು. ತೋಟವ್ವನ ಹೆಜ್ಜೆ ನನ್ನ ಹತ್ತಿರ ಬಂದು ನಿಂತಿತು. ಆಮೇಲೆ, "ಇದ್ರಾಗಾ? ಹೂಂ, ಇದ್ರಾಗ ಆಗಲಿ" ಎಂದು ಕುಳಿತಳು.

"ಇತ್ತಾಗ ನೋಡು ಯವ್ವಾ."

"ಎಲ್ಲಿ ನೋಡ್ಲಿ?"

"ಇದರ ಕಣ್ಣಾಗ."

"ಕಣ್ಣಾಗ? ಆತು ಬಿಡು" ಎಂದಳು. ಆ ದನಿಯಲ್ಲಿ ನಗು ಇತ್ತು.

ನನ್ನ ಹಿಂದೆ ಫಿಲ್ಮನ್ನು ಮರೆಮಾಡುವ ಪರದೆ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ಮುಂದೆ ಕತ್ತಲೆ, ಹಿಂದೆ ಕತ್ತಲೆ. ಫಕ್ಕೀರೇಶ ಕಿಟಕಿಯಲ್ಲಿ ತಾಯಿಯನ್ನು ಚೆನ್ನಾಗಿ ಕಾಣುತ್ತಿದ್ದ. ದೊಡ್ಡ ಕ್ಯಾಮೆರಾ ಅಭ್ಯಾಸವಾದ ಕಣ್ಣಿಗೆ, ಕಾಣುತ್ತಿದೆ ಎಂದರೆ ಮುಚ್ಚಳ ತೆಗೆದಿದೆ ಎಂದೇ ಅರ್ಥ. ಅವನು ಮಗುವಿನಂತೆ ನಗುತ್ತಿದ್ದ. "ಭಾಳ ಛಲೋ ಬಂತು ಯವ್ವಾ! ಇನ್ನೊಂದು!" ನಾನು ಒಳಗೊಳಗೇ ಕೂಗಿದೆ. ಗಾಜಿನ ಕೂಗು ಯಾರಿಗೆ ಕೇಳುತ್ತದೆ? ಅಷ್ಟರಲ್ಲಿ ಹೆಬ್ಬಾತುಗಳು ಒಟ್ಟಿಗೆ ಎದ್ದವು, ಕೆರೆಯೇ ರೆಕ್ಕೆ ಬಡಿದಂಥ ಸದ್ದು. ಅವನು ನನ್ನನ್ನು ದಾಕ್ಷಾಯಣಿಗೆ ಕೊಟ್ಟು ದೊಡ್ಡ ಕ್ಯಾಮೆರಾ ಎತ್ತಿಕೊಂಡ. ಗಂಡನೇ ಮುಚ್ಚಳ ಹಾಕಿ ಕೊಟ್ಟಿದ್ದಾನೆ ಎಂದುಕೊಂಡು ಆಕೆ ನನ್ನನ್ನು ಎರಡು ಪದರ ಹೆಚ್ಚಿನ ಗೂಡಿನಲ್ಲಿ ಮಲಗಿಸಿದಳು.

ಫಕ್ಕೀರೇಶ ಬಚ್ಚಲುಮನೆಯನ್ನೇ ಕತ್ತಲೆ ಕೋಣೆ ಮಾಡಿಕೊಂಡು ಫಿಲ್ಮ್ ತೊಳೆಯುತ್ತಿದ್ದ. ತೊಳೆದ ಪಟ್ಟಿಯನ್ನು ಬೆಳಕಿಗೆ ಹಿಡಿದಾಗ ಲಕ್ಕುಂಡಿಯ ಬಾವಿ ಇತ್ತು, ಗುಡಿಯ ಕಂಬವಿತ್ತು. ತಾಯಿ ಇರಬೇಕಾದ ಕಡೆ ಏನೂ ಇರಲಿಲ್ಲ, ತಿಳಿನೀರಿನಂತೆ ಬರಿದು. ಅವನು ನನ್ನನ್ನು ಕೈಗೆತ್ತಿಕೊಂಡು, ಮುಚ್ಚಳ ಹಾಕಿ, ಕಿಟಕಿಯಲ್ಲಿ ನೋಡಿದ. ಅಂಗಳ, ಬೇವಿನ ಮರ, ಒಣಗಿದ ಬಟ್ಟೆ, ಎಲ್ಲವೂ ಕಂಡಿತು. ಮುಚ್ಚಳ ತೆಗೆದು, ದಾರ ಕತ್ತರಿಸಿದ ತುದಿಯನ್ನು ಬೆರಳಿನಿಂದ ಸವರಿದ.

ಅವನು ತಾಯಿಗೆ ಹೇಳಲಿಲ್ಲ. ತಾಯಿ ಕೇಳಲೂ ಇಲ್ಲ. ಫೋಟೋ ಎಲ್ಲಿ, ಹೇಗೆ ಬಂತು ಎಂಬ ಒಂದು ಮಾತಿಲ್ಲ. ಆಕೆ ಇನ್ನೊಮ್ಮೆ ಕೂರುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ದಾಕ್ಷಾಯಣಿಗೆ ಮಾತ್ರ ಖಾಲಿ ಪಟ್ಟಿ ತೋರಿಸಿದ. ಕೊನೆಗೆ ದಾಕ್ಷಾಯಣಿಯೇ, "ಹೇಳಿಬಿಡ್ರಿ. ಅತ್ತಿ ಏನು ಹುಲಿಯೇನು?" ಎಂದು ಅವನನ್ನು ಅಡುಗೆಮನೆಯ ಕಡೆ ದೂಡಿದಳು. ನಾನು ಅವನ ಕೊರಳಲ್ಲೇ ಇದ್ದೆ, ಮುಚ್ಚಿಕೊಂಡು.

ತೋಟವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ಹೇಳಿ ಮುಗಿಸುವವರೆಗೂ ಆ ತಾಳ ನಿಲ್ಲಲಿಲ್ಲ.

"ನನಗ ಗೊತ್ತೈತಿ" ಎಂದಳು. "ಅದರ ಕಣ್ಣು ಮುಚ್ಚಿತ್ತಲ್ಲೋ."

"ನೋಡಿದ್ದೇನವ್ವಾ? ಮತ್ತ ಯಾಕ ಹೇಳಲಿಲ್ಲ?"

"ಮುಚ್ಚಿತ್ತಂತನ ಕುಂತೆ. ತೆರೆದಿದ್ರ ಎದ್ದು ಬರ್ತಿದ್ದೆ. ನೀ ಅಷ್ಟು ಖುಷಿಲೆ ನಗಾಕತ್ತಿದ್ದಿ. ಸಣ್ಣಾಂವ ಇದ್ದಾಗ ಹಂಗ ನಗ್ತಿದ್ದಿ. ಅದನ್ನ ನೋಡ್ಕೋಂತ ಕುಂತೆ."

ಫಕ್ಕೀರೇಶ ಬಾಗಿಲ ಚೌಕಟ್ಟಿಗೆ ಒರಗಿದ. "ಅಪ್ಪನ ಕಣ್ಣು ಹೆಂಗಿದ್ವು ನನಗ ಗೊತ್ತಿಲ್ಲವ್ವಾ. ಎಷ್ಟು ನೋಡಿದ್ರೂ ಗೊತ್ತಾಗಂಗಿಲ್ಲ. ನಿನ್ನವೂ ಹಂಗ ಆಗಬಾರದು. ಅಷ್ಟ."

ರೊಟ್ಟಿಯ ತಾಳ ನಿಂತಿತು. ಹಂಚಿನ ಮೇಲಿನದು ಸೀದ ವಾಸನೆ ಬಂತು, ಯಾರೂ ತಿರುವಿ ಹಾಕಲಿಲ್ಲ.

"ಇದನ್ನ ಮೊದಲ ಹೇಳಬೇಕಿತ್ತಲ್ಲೋ ಹುಚ್ಚಪ್ಪಾ" ಎಂದಳು ತೋಟವ್ವ. "ನಿಮ್ಮಪ್ಪ ನಗೋವಾಗ ಎಡಗಣ್ಣು ಸಣ್ಣದು ಮಾಡ್ತಿದ್ರು. ನೀನೂ ಹಂಗ ಮಾಡ್ತಿ. ಅವತ್ತು ಕೆರಿ ಮ್ಯಾಲ ನಾ ನೋಡಿದ್ದು ಅದನ್ನ." ಆಮೇಲೆ ಹಿಟ್ಟಿನ ಕೈ ಚಾಚಿದಳು. "ತಾ ಇಲ್ಲಿ. ಅದರ ಮುಚ್ಚಳ ನನ್ನ ಕೈಯಾಗ ಕೊಡು. ನನ್ನ ಕೈಯಾಗಿದ್ರ ನಿನಗೂ ಮರವು ಆಗಂಗಿಲ್ಲ, ನನಗೂ ಹೆದರಿಕಿ ಆಗಂಗಿಲ್ಲ."

ಮುಚ್ಚಳ ಸರಿದು ಆಕೆಯ ಕೈ ಸೇರಿತು. ಬೆಳಕು ಬಂತು. ಕಿಟಕಿಯ ಬಿಸಿಲು, ಒಲೆಯ ಹೊಗೆ, ಅದರ ನಡುವೆ ತಲೆಕೆಳಗಾಗಿ ತೋಟವ್ವ. ಬಾಗಿಲ ಸಂದಿಯಿಂದ ನನ್ನನ್ನು ಹೆದರಿ ನೋಡಿದ್ದ ಅದೇ ಕಣ್ಣುಗಳು, ಸುತ್ತ ಸುಕ್ಕು. ಈ ಸಲ ಅವು ನನ್ನನ್ನು ನೋಡುತ್ತಿರಲಿಲ್ಲ. ನನ್ನನ್ನು ಹಿಡಿದವನನ್ನು ನೋಡುತ್ತಿದ್ದವು. ಫಕ್ಕೀರೇಶ ಮೊಣಕೈಯನ್ನು ಚೌಕಟ್ಟಿಗೆ ಊರಿದ. ಉಸಿರು ಹಿಡಿದ. ಪರದೆ ತೆರೆಯಿತು. ನಾನು ನನ್ನಲ್ಲಿದ್ದ ಬೆಳಕನ್ನೆಲ್ಲ ದಾಟಿಸಿಬಿಟ್ಟೆ.

ಸಂಜೆ ತೋಟವ್ವ ಕೊರಳಿನ ಇಷ್ಟಲಿಂಗದ ಕರಡಿಗೆ ತೂಗುವ ಶಿವದಾರ ಬದಲಿಸುತ್ತಿದ್ದಳು. ಉಳಿದ ಹೊಸ ದಾರದ ತುಂಡನ್ನು ನನ್ನ ಮುಚ್ಚಳಕ್ಕೆ ಬಿಗಿಯಾಗಿ ಕಟ್ಟಿ, "ಇದನ್ನ ಕತ್ತರಿಸಿದಿ ಅಂದ್ರ ನೋಡು" ಎಂದು ಮಗನಿಗೆ ಕಣ್ಣು ಬಿಟ್ಟಳು.

ತೋಟವ್ವ ಮುಂದಿನ ಚಳಿಗಾಲದ ಹೆಬ್ಬಾತುಗಳನ್ನೂ ನೋಡಿದಳು. ಅವು ಮರಳಿ ಹೋಗುವ ಹೊತ್ತಿಗೆ ಆಕೆಯೂ ಹೊರಟಳು. ರೂಢಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿದರು. ಯಾರೋ ಹಿರಿಯರು ಫೋಟೋದವರನ್ನು ಕರೆಯಲು ಹೇಳಿದರು. ಫಕ್ಕೀರೇಶ ತಲೆಯಾಡಿಸಿದ. "ಬ್ಯಾಡ್ರಿ. ಅವ್ವಂದೈತಿ" ಎಂದ.

ಈಗ ನನ್ನೊಳಗೆ ಜೇಡರ ಬಲೆಯಂಥ ಬೂಷ್ಟು ಹಬ್ಬಿದೆ. ಫಿಲ್ಮ್ ಸಿಗುವುದೂ ಅಪರೂಪವಾಗಿದೆ. ಫಕ್ಕೀರೇಶ ಒಮ್ಮೆ ನನ್ನನ್ನು ಹೊಸ ಕಾಲದ ಕ್ಯಾಮೆರಾಕ್ಕೆ ಜೋಡಿಸಿ ಕೆರೆಗೆ ಕರೆದೊಯ್ದ. ಹಕ್ಕಿಗಳೆಲ್ಲ ಹಾಲಿನಲ್ಲಿ ಅದ್ದಿದಂತೆ ಬಂದವು. "ಕನಸಿನಾಗಿನ ಹಕ್ಕಿ ಇದ್ದಂಗ ಅದಾವು" ಎಂದು ದಾಕ್ಷಾಯಣಿ ಮೆಚ್ಚಿಕೊಂಡಳು, ನನಗೆ ನೋವಾಗಬಾರದೆಂದು ಇರಬೇಕು. ಈಗ ನಾನು ಆಕೆಯ ಹೊಲಿಗೆಯ ಡಬ್ಬಿಯಲ್ಲಿದ್ದೇನೆ. ಸೂಜಿಗೆ ದಾರ ಪೋಣಿಸುವಾಗ ನನ್ನನ್ನು ಕಣ್ಣಿಗೆ ಹಿಡಿದುಕೊಳ್ಳುತ್ತಾಳೆ. ನನ್ನಲ್ಲಿ ನೋಡಿದರೆ ಸೂಜಿಯ ಕಣ್ಣು ಬಾಗಿಲಿನಷ್ಟು ದೊಡ್ಡದಾಗುತ್ತದಂತೆ.

ಡಬ್ಬಿ ಇರುವ ಗೂಡಿನ ಎದುರಿಗೇ ಆ ಗೋಡೆ. ಮುಚ್ಚಿದ ಕಣ್ಣುಗಳ ಪಕ್ಕದಲ್ಲಿ ತೆರೆದ ಎರಡು ಕಣ್ಣು. ಮನೆಗೆ ಬಂದವರು ತೋಟವ್ವನ ಹಿಟ್ಟಿನ ಕೈಯನ್ನು ನೋಡಿ, "ಅವ್ವಾರ ಕೈಯಾಗ ಅದೇನ್ರಿ, ಕರಡಿಗಿ ಏನು?" ಎಂದು ಕೇಳುತ್ತಾರೆ. ಫಕ್ಕೀರೇಶ ಎಡಗಣ್ಣು ಸಣ್ಣದು ಮಾಡಿ ನಗುತ್ತಾನೆ.

ಹೊಲಿಗೆ ಮುಗಿದ ಮೇಲೆ ದಾಕ್ಷಾಯಣಿ ನನಗೆ ಅದೇ ಮುಚ್ಚಳ ಹಾಕುತ್ತಾಳೆ. ಅದರ ಅಂಚಿನಲ್ಲಿ ಹಿಟ್ಟಿನ ಒಂದು ಬಿಳಿ ಗೆರೆ ಇನ್ನೂ ಅಂಟಿಕೊಂಡಿದೆ. ಯಾರೂ ಅದನ್ನು ಒರೆಸಿಲ್ಲ.